ಹತ್ತು ಸಾವಿರದ ಏಳು ಟೈಲುಗಳು

ನಮ್ಮತ್ತೆ, ಅಂದರೆ ಅಪ್ಪನ ತಂಗಿ, ಟೈಲ್ ಕೂರಿಸುವುದರಲ್ಲಿ ಅಪ್ಪನಿಗಿಂತ ಒಂದು ಕೈ ಮೇಲು. ಅಣ್ಣತಂಗಿ ಸೇರಿ ಹಿಡಿದ ದೊಡ್ಡ ಕೆಲಸವೆಂದರೆ ಮಕ್ಕಳ ಆಸ್ಪತ್ರೆಯ ಹೊರಗೋಡೆ. ಶಾಲೆಯ ಮಕ್ಕಳು ತಲಾ ಒಂದು ಟೈಲಿನ ಮೇಲೆ ಚಿತ್ರ ಬರೆದು, ಬೆನ್ನಿಗೆ ಹೆಸರು ಹಾಕಿ ಕೊಟ್ಟಿದ್ದರು. ಒಂದನ್ನೂ ಬಿಡುವುದಿಲ್ಲವೆಂದು ಕೆಲಸ ನೋಡಿಕೊಳ್ಳುತ್ತಿದ್ದ ಎಂಜಿನಿಯರ್ ಆ ಮಕ್ಕಳಿಗೆ ಮಾತು ಕೊಟ್ಟಿದ್ದ. ನಕ್ಷೆಯಲ್ಲಿ ನೂರು ಸಾಲು, ಸಾಲಿಗೆ ನೂರು. ಅತ್ತೆ ಎರಡೆರಡು ಸಲ ಎಣಿಸಿದಳು. ಹತ್ತು ಸಾವಿರದ ಏಳು ಇದ್ದವು.

ಸಾಲು ಹೆಚ್ಚುಕಡಿಮೆ ಮಾಡಿ ಹೊಂದಿಸು, ಆದರೆ ಯಾವ ಸಾಲೂ ಅರ್ಧಕ್ಕೆ ನಿಲ್ಲಬಾರದು ಎಂದ ಎಂಜಿನಿಯರ್. ಅತ್ತೆ ಸಿಮೆಂಟ್ ಚೀಲದ ಕಾಗದ ಹರಿದುಕೊಂಡು ಭಾಗಾಕಾರಕ್ಕೆ ಕೂತಳು. ಮೂರರಿಂದ ಭಾಗಿಸಿದರೆ ಎರಡು ಉಳಿಯಿತು, ಏಳರಿಂದ ನಾಲ್ಕು, ಹದಿಮೂರರಿಂದ ಹತ್ತು. ಹೀಗೆ ಅವಿಭಾಜ್ಯ ಸಂಖ್ಯೆಗಳನ್ನೇ ಹಿಡಿದು ತೊಂಬತ್ತೇಳರವರೆಗೆ ಹೋದಳು. ಯಾವುದೂ ಒಗ್ಗಲಿಲ್ಲ. ಅದಕ್ಕೂ ಮುಂದೆ ಹೋಗಬೇಕಾಗಿಲ್ಲವೆಂದು ಆ ಸಂಜೆ ನನಗೆ ಬಿಡಿಸಿ ಹೇಳಿದಳು: ಮುಂದಿನ ಅವಿಭಾಜ್ಯವಾದ ನೂರೊಂದನ್ನು ನೂರೊಂದರಿಂದ ಗುಣಿಸಿದರೇ ಹತ್ತು ಸಾವಿರದ ಇನ್ನೂರು ದಾಟುತ್ತದೆ, ಹಾಗಾಗಿ ಒಡೆಯುವ ಸಂಖ್ಯೆಯಾಗಿದ್ದರೆ ಅಷ್ಟರೊಳಗೇ ಒಡೆಯಬೇಕಿತ್ತು. ಇದೂ ಅವಿಭಾಜ್ಯವೇ. ಒಂದೇ ಸಾಲಲ್ಲಿ ಉದ್ದಕ್ಕೆ ಇಟ್ಟರೆ ಉಂಟು, ಇಲ್ಲವಾದರೆ ಇಲ್ಲ.

ದಾರಿಯನ್ನೂ ಅವಳೇ ಹುಡುಕಿದ್ದಳು. ಒಂದು ಖಾಲಿ ಟೈಲ್ ಸೇರಿಸಿದರೆ ಎಪ್ಪತ್ತೆರಡು ಸಾಲು, ಸಾಲಿಗೆ ನೂರ ಮೂವತ್ತೊಂಬತ್ತು. ಗೋಡೆಗೆ ಅಷ್ಟು ಅಗಲವೂ ಇತ್ತು. ಆದರೆ ನಕ್ಷೆ ಬದಲಾದರೆ ಎಂಜಿನಿಯರ್ ಮೇಲಿನವರ ಸಹಿಗೆ ಮತ್ತೆ ಅಲೆಯಬೇಕು.

"ಕರಣೆ ಹಿಡಿಯೋಳು ನನಗೆ ಲೆಕ್ಕ ಕಲಿಸ್ತೀಯಾ?" ಎಂದ ಎಂಜಿನಿಯರ್. "ಏಳು ತೆಗೆದುಹಾಕು."

ಯಾವ ಏಳು ಅಂತ ನೀವೇ ಹೆಸರು ಓದಿ ಆರಿಸಿಕೊಡಿ ಎಂದಳು ಅತ್ತೆ. ಅವನು ಮುಖ ಸಿಂಡರಿಸಿಕೊಂಡು ಹೊರಟುಹೋದ.

ಮರುದಿನ ಅವಳು ಸಾಮಾನು ತರಲು ಅಂಗಡಿಗೆ ಹೋಗಿ ಬರುವಷ್ಟರಲ್ಲಿ ಅಪ್ಪ ಸುತ್ತಿಗೆ ಹಿಡಿದು ಏಳನೆಯದನ್ನು ಒಡೆಯುತ್ತಿದ್ದ. ಎಂಜಿನಿಯರ್ ಪಕ್ಕದಲ್ಲೇ ನಿಂತಿದ್ದ. ಅತ್ತೆಯ ಮೈಯೆಲ್ಲ ಉರಿದುಹೋಯಿತು. ಕೂಗಾಡಲಿಲ್ಲ.

"ಹಿಂದೆ ತಿರುಗಿಸಿ ಹೆಸರು ನೋಡಿದ್ಯಾ, ಅಣ್ಣ?"

ಅಪ್ಪ ತಲೆ ಎತ್ತಲಿಲ್ಲ. "ನೋಡಿದ್ರೆ ಕೈ ಬರ್ತಿರ್ಲಿಲ್ಲ ಕಣೆ."

"ಹಾಗಾದ್ರೆ ತಪ್ಪು ಅಂತ ಗೊತ್ತಿದ್ದೇ ಒಡೆದಿದ್ದೀಯ."

ಚೂರುಗಳನ್ನೆಲ್ಲ ಗಾರೆಯ ಬಾಣಲೆಗೆ ಬಳಿದುಕೊಂಡು, ಲೆಕ್ಕದ ಕಾಗದ ಸೊಂಟಕ್ಕೆ ಸಿಕ್ಕಿಸಿ, ನೆಟ್ಟಗೆ ಆಸ್ಪತ್ರೆಯ ದೊಡ್ಡ ಡಾಕ್ಟರಮ್ಮನ ಕೋಣೆಗೆ ನುಗ್ಗಿದಳು. ಫೈಲುಗಳ ಮೇಲೆಯೇ ಬಾಣಲೆ ಬೋರಲು ಹಾಕಿದಳು. ಹಿಂದೆಯೇ ಓಡಿಬಂದ ಎಂಜಿನಿಯರ್, ಈ ಹೆಂಗಸು ಎಣಿಸಿದ್ದೇ ತಪ್ಪು ಎಂದ. ಡಾಕ್ಟರಮ್ಮ ಚೂರುಗಳನ್ನು ಒಂದೊಂದಾಗಿ ಮಗುಚಿ ಹೆಸರು ಜೋಡಿಸಿದರು. ಆಮೇಲೆ ಕಾಗದ ತೆಗೆದುಕೊಂಡು ನಾಲ್ಕೈದು ಭಾಗಾಕಾರ ತಾವೇ ಮಾಡಿ ನೋಡಿ, ನಕ್ಷೆ ತರಲು ಹೇಳಿದರು.

ಗೋಡೆ ಎಪ್ಪತ್ತೆರಡು ಸಾಲಾಗಿಯೇ ಎದ್ದಿತು. ಏಳು ಮಕ್ಕಳನ್ನು ಮತ್ತೆ ಕರೆಸಿದರು. ಆರು ಮಕ್ಕಳು ಬಂದು ಹೊಸದಾಗಿ ಬರೆದುಕೊಟ್ಟರು. ಒಬ್ಬಳು ಮಾತ್ರ ಬಣ್ಣ ಮುಟ್ಟಲಿಲ್ಲ. ಒಂದು ಸಲ ಕೊಟ್ಟಿದ್ದೆ, ನೀವು ಒಡೆದಿರಿ, ಇನ್ನು ಕೊಡಲ್ಲ ಎಂದುಬಿಟ್ಟಳು. ಟೀಚರು ಎಷ್ಟು ಪುಸಲಾಯಿಸಿದರೂ ಬಗ್ಗಲಿಲ್ಲ. ಅವಳನ್ನು ಬಿಟ್ಟುಬಿಡಿ, ಅವಳ ಕೋಪ ಸರಿಯಾಗಿದೆ ಎಂದಳು ಅತ್ತೆ. ಹಾಗಾಗಿ ಆ ಗೋಡೆಯಲ್ಲಿ ಎರಡು ಟೈಲ್ ಖಾಲಿ ಉಳಿದವು.

ಆ ಕೆಲಸ ಮುಗಿದ ದಿನವೇ ಅತ್ತೆ ತನ್ನ ಕರಣೆ, ಮಟ್ಟಗೋಲುಗಳನ್ನು ಅಪ್ಪನ ಚೀಲದಿಂದ ಬೇರೆ ಮಾಡಿಕೊಂಡಳು. ಈಗ ಅವಳ ಕೆಲಸ ಅವಳದು, ಅಪ್ಪನದು ಅಪ್ಪನದು.