ಎತ್ತರದ ಅಂಚಿನ ಹರಿಗೋಲು

ಅತ್ತೆ ಮರುಳಸಿದ್ದಮ್ಮ ಒಂದು ಮಾತು ಕೊಟ್ಟಿದ್ದರು. ಶಾಲೆ ಶುರುವಾಗುವ ಮುಂಚೆ ಒಂದು ದಿನ ಮೊಮ್ಮಗಳನ್ನು ಎದುರಿಗೆ ನಿಲ್ಲಿಸಿಕೊಂಡು ಕೇಳುವುದು. ಅಪ್ಪನ ಜೊತೆ ದಾವಣಗೆರೆಗೆ ಹೋಗುತ್ತೇನೆ ಎಂದರೆ ಅವಳನ್ನೂ ತಮ್ಮನನ್ನೂ ಕಳಿಸಿಕೊಡುವುದು. ಇಲ್ಲವೆಂದರೆ ಹರಿಹರದಲ್ಲೇ ಶಾಲೆಗೆ ಹಾಕುವುದು. ಅಳಿಸಿ ಎಳೆದುಕೊಂಡು ಮಾತ್ರ ಹೋಗಬಾರದು. ಅಳಿಯ ಬಕ್ಕೇಶಪ್ಪ ಇದಕ್ಕೆ ಒಪ್ಪಿದ್ದ.

ಅವನ ಹೆಂಡತಿ ತೀರಿಕೊಂಡು ಎರಡೂವರೆ ವರ್ಷವಾಗಿತ್ತು. ಆಗ ಆರು ತಿಂಗಳ ಕೂಸಾಗಿದ್ದ ಮಗ ಅಜ್ಜಪ್ಪನಿಗೆ ಈಗ ಮೂರು ತುಂಬಿತ್ತು, ಮಗಳು ನಿರ್ಮಲಳಿಗೆ ಆರು ನಡೆಯುತ್ತಿತ್ತು. ಬಕ್ಕೇಶಪ್ಪ ದಾವಣಗೆರೆಯ ಒಂದು ಹತ್ತಿ ಕಾರ್ಖಾನೆಯಲ್ಲಿ ಹತ್ತಿ ಬಿಗಿದ ಅಂಡಿಗೆಗಳನ್ನು ತೂಗುವ ಕೆಲಸದಲ್ಲಿದ್ದ. ಅಲ್ಲೇ ಆನೆಕೊಂಡದಲ್ಲಿ ಬಾಡಿಗೆಗೆ ಹಿಡಿದ ಮನೆಯಲ್ಲಿ ತಾನೇ ಬೇಯಿಸಿಕೊಂಡು ಉಣ್ಣುತ್ತಿದ್ದ. ಭಾನುವಾರ ಬೆಳಗಿನ ಗಾಡಿಗೆ ಹರಿಹರಕ್ಕೆ ಬಂದು ಸಂಜೆಯ ಗಾಡಿಗೆ ತಿರುಗುವುದು ರೂಢಿ. ಮಕ್ಕಳು ಅಜ್ಜಿಯನ್ನು ಅವ್ವ ಎನ್ನುತ್ತಿದ್ದವು, ಇವನನ್ನು ದಾವಣಗೆರೆ ಅಪ್ಪ ಎನ್ನುತ್ತಿದ್ದವು, ಬೇರೆ ಊರುಗಳಲ್ಲಿ ಬೇರೆ ಅಪ್ಪಂದಿರು ಇದ್ದ ಹಾಗೆ. ತಂದ ಬೆಂಡು ಬತ್ತಾಸು ಇಸಿದುಕೊಂಡು ಅಜ್ಜಿಯ ಸೆರಗಿನ ಹಿಂದೆ ಹೋಗಿ ತಿನ್ನುತ್ತಿದ್ದವು.

ನಿರ್ಮಲಳಿಗೆ ಹೊಳೆಯಲ್ಲಿ ಹೋಗುವ ಹರಿಗೋಲುಗಳ ಮೇಲೆ ಬಹಳ ಆಸೆ. ದಡಕ್ಕೆ ಒಂದು ಬಂದಿತೆಂದರೆ ಅವಳು ಊಟ ಬಿಟ್ಟು ಓಡುತ್ತಿದ್ದಳು. ಹತ್ತಲು ಮಾತ್ರ ಅಜ್ಜಿ ಬಿಡುತ್ತಿರಲಿಲ್ಲ. ಅವುಗಳಿಗೆ ಹೊದಿಸಿದ್ದು ತೊಗಲು, ಅವುಗಳಲ್ಲಿ ಹೇರುವುದು ಮೀನು. ಕೊರಳಲ್ಲಿ ಲಿಂಗ ಇರುವ ಮಕ್ಕಳು ಅದರಲ್ಲಿ ಕೂಡುವುದೇ ಎಂಬುದು ಅವರ ಮಾತು. ಬಕ್ಕೇಶಪ್ಪ ಇದನ್ನು ಮೂರು ಭಾನುವಾರ ಮನಸ್ಸಿನಲ್ಲಿ ತಿರುವಿ ಹಾಕಿದ. ಮೀನು ಕಾಣದ, ತೊಗಲು ಸೋಕದ ಹೊಸದೊಂದು ಹರಿಗೋಲಾದರೆ ಅತ್ತೆ ಬೇಡ ಎನ್ನಲಾರರು. ಅದರಲ್ಲಿ ಒಂದು ಹೊತ್ತು ಆಡಿಸಿದರೆ ಮಗಳು ತನ್ನವಳಾದಾಳು.

ಹರಿಗೋಲು ಹೆಣೆಯುವ ಮಕ್ತುಮ್ ಸಾಬ್ ಹೊಳೆದಂಡೆಯ ಮರಳಿನಲ್ಲಿ ಮೂರು ಬಿದಿರ ಬುಟ್ಟಿಗಳನ್ನು ಬೋರಲು ಹಾಕಿಟ್ಟಿದ್ದ. ಒಂದು ತಟ್ಟೆಯ ಹಾಗೆ ಅಗಲ, ಇನ್ನೊಂದು ನಡುತರದ್ದು, ಮೂರನೆಯದು ಆಳವಾದದ್ದು, ಎತ್ತರದ ಅಂಚಿನದು. ಕುಕ್ಕುವಾಡದ ಒಕ್ಕಲು ಮನೆಯಲ್ಲಿ ಹುಟ್ಟಿದ ಬಕ್ಕೇಶಪ್ಪನಿಗೆ ಬುಟ್ಟಿ ಆರಿಸಲು ಗೊತ್ತಿದ್ದದ್ದು ಒಂದೇ ರೀತಿ. ಸುತ್ತ ತಿರುಗಿ ನೋಡಿದ. ಹೆಣಿಗೆಯ ಸಂದಿಗೆ ಹೆಬ್ಬೆರಳು ಒತ್ತಿದ. ಗುದ್ದಿ ಸದ್ದು ಕೇಳಿದ. ಕಾಳಿಗೆ ಕಣಜ ಆರಿಸುವಾಗ ಅವನಪ್ಪ ಹೀಗೇ ಮಾಡುತ್ತಿದ್ದ. ಕೊನೆಗೆ ಆಳದ್ದರ ಮೇಲೆ ಕೈಯಿಟ್ಟ.

"ಯಜಮಾನ್ರೆ, ಇದ್ರಾಗೆ ಜೋಳ ತುಂಬ್ತೀರೋ ಮಕ್ಕಳ್ನ ಕೂಡಿಸ್ತೀರೋ?" ಎಂದ ಮಕ್ತುಮ್ ಸಾಬ್.

"ಎರಡೂ ಚೆಲ್ಲಬಾರ್ದು ಸಾಬ್ರೆ."

ಸಾಬ್ ನಕ್ಕ. ಮಕ್ಕಳಿಗೆ ಅಗಲದ್ದೇ ಸರಿ, ಬೇಸಿಗೆ ನೀರು ಮೊಳಕಾಲಿಗಿಂತ ಮೇಲಿಲ್ಲ, ಬಿದ್ದರೂ ಎತ್ತಿಕೊಳ್ಳಬಹುದು ಎಂದು ಹೇಳಿ ನೋಡಿದ. ಬಕ್ಕೇಶಪ್ಪ ಕೇಳಲಿಲ್ಲ. ತೊಗಲಿನ ಬದಲು ಹೊದಿಸಲು ಕಾರ್ಖಾನೆಯಿಂದ ಅಂಡಿಗೆಯ ಗೋಣಿತಟ್ಟು ತಂದುಕೊಟ್ಟ. ಸಾಬ್ ಅದನ್ನು ಹೊಲಿದು ಒಳಗೂ ಹೊರಗೂ ಡಾಂಬರು ಬಳಿದ. ಎರಡು ಭಾನುವಾರ ಅವನ ಪಕ್ಕ ಕೂತು ಬಕ್ಕೇಶಪ್ಪ ಹುಟ್ಟು ಹಾಕುವುದನ್ನು ಕಲಿತ. ಅಂಗೈಯಲ್ಲಿ ಬೊಕ್ಕೆ ಎದ್ದವು.

ಮೇ ತಿಂಗಳ ಕೊನೆಯ ಭಾನುವಾರ ಮರುಳಸಿದ್ದಮ್ಮ ತಾವೇ ಮಕ್ಕಳನ್ನು ಹೊಳೆಗೆ ಕರೆದುಕೊಂಡು ಬಂದರು. ಹರಿಗೋಲಿನ ಸುತ್ತ ಬಂದು ಮೂಸಿದರು, ಬೇಡ ಎನ್ನಲಿಲ್ಲ. ಬಂದ ಮೇಲೆ ಕೇಳೋಣ ಎಂದು ಅಳಿಯನಿಗೆ ಮೆಲ್ಲಗೆ ಹೇಳಿದರು. ಅವನು ಇಬ್ಬರನ್ನೂ ಎತ್ತಿ ಒಳಗೆ ಕೂಡಿಸಿ, ತಾನೂ ಹತ್ತಿ, ಹುಟ್ಟು ಹಾಕಿದ.

ಹರಿಗೋಲು ಒಳ್ಳೆಯದಿತ್ತು. ಹನಿ ನೀರು ಒಳಗೆ ಬರಲಿಲ್ಲ. ಸ್ವಲ್ಪ ದೂರ ಹೋದ ಮೇಲೆ ನಿರ್ಮಲ ಅವನ ಮುಖ ನೋಡಿ ಕೇಳಿದಳು:

"ಹೊಳೆ ಎಲ್ಲೈತೆ?"

ಬಕ್ಕೇಶಪ್ಪ ಆಗ ಮಕ್ಕಳ ಕಡೆ ನೋಡಿದ. ಅಂಚು ಕೂತವರ ತಲೆಗಿಂತ ಒಂದು ಮೊಳ ಮೇಲಿತ್ತು. ಅವರ ಸುತ್ತ ಕರಿ ಡಾಂಬರಿನ ಗೋಡೆ, ಮೇಲೆ ಬಿಸಿಲು, ನಡುವೆ ಅವನು. ಹೊಳೆಯಿಲ್ಲ, ದಡವಿಲ್ಲ, ಅಜ್ಜಿಯಿಲ್ಲ. ಹುಡುಗ ತುಟಿ ಅದುರಿಸುತ್ತಾ ಅವ್ವ ಎಲ್ಲಿ ಎಂದ. ನಿರ್ಮಲ ನಿಂತಳು, ನಿಂತರೂ ಕಣ್ಣು ಅಂಚಿಗೆ ಸರಿಯಾಗಿ ಮುಟ್ಟಲಿಲ್ಲ.

ಅವನು ಎಡಗೈಯಲ್ಲಿ ಅವಳನ್ನು ಎತ್ತಿದ. ಬಲಗೈಯ ಹುಟ್ಟು ಹಿಡಿತ ತಪ್ಪಿ, ಹರಿಗೋಲು ಗರಗರ ತಿರುಗತೊಡಗಿತು. ಅವಳು ಹೆದರಿ ಅವನ ಕಿವಿ ಹಿಡಿದುಕೊಂಡಳು. ಇಳಿಸಿದ, ಎರಡು ಕೈಯಲ್ಲಿ ಹುಟ್ಟು ಹಾಕಿ ತಿರುಗುವುದನ್ನು ನಿಲ್ಲಿಸಿದ. ಅಷ್ಟರಲ್ಲಿ ಹುಡುಗ ಕಿರುಚಿ ಅಳುತ್ತಿದ್ದ. ಅವನನ್ನು ಎತ್ತಿಕೊಂಡರೆ ಮತ್ತೆ ತಿರುಗಿತು. ಒಬ್ಬರು ಹುಟ್ಟು ಹಾಕಬೇಕು, ಒಬ್ಬರು ಮಕ್ಕಳನ್ನು ಹಿಡಿಯಬೇಕು. ಇಷ್ಟು ವಾರ ಯೋಚಿಸಿದವನಿಗೆ ಇದೊಂದು ಹೊಳೆದಿರಲಿಲ್ಲ. ಎರಡೂ ಮಕ್ಕಳು ಅಳುತ್ತಿರುವಂತೆಯೇ ದಡದ ಕಡೆ ತಿರುಗಿಸಿದ.

ಮರುಳಸಿದ್ದಮ್ಮ ಮೊಳಕಾಲವರೆಗೆ ನೀರಿಗೆ ಇಳಿದು ಬಂದು ಮಕ್ಕಳನ್ನು ಎತ್ತಿಕೊಂಡರು. ಸಮಾಧಾನ ಮಾಡಿದರೂ ನಿರ್ಮಲ ಮನೆಗೆ ಒಲ್ಲೆ ಎಂದಳು. ಹೊಳೆ ನೋಡಲಿಲ್ಲ ಎಂಬುದೇ ಅವಳ ಹಟ. ಪಕ್ಕದಲ್ಲಿ ಮಕ್ತುಮ್ ಸಾಬನ ಹಳೆಯ ಅಗಲದ ಹರಿಗೋಲು ಇತ್ತು, ಸಾಬನೂ ಅಲ್ಲೇ ನಿಂತಿದ್ದ. ಅದರ ತೊಗಲು, ಅದರ ಮೀನಿನ ವಾಸನೆ ದಡಕ್ಕೇ ತಿಳಿಯುತ್ತಿತ್ತು. ಮರುಳಸಿದ್ದಮ್ಮ ಅದನ್ನೊಮ್ಮೆ, ಮೊಮ್ಮಗಳನ್ನೊಮ್ಮೆ ನೋಡಿದರು. ಆಮೇಲೆ ಸೀರೆ ಎತ್ತಿ ಕಟ್ಟಿದರು.

"ನಡೀರಿ ಸಾಬ್ರೆ. ಮನೀಗೆ ಹೋಗಿ ಮೈ ತೊಳಕಂತೀವಿ."

ಮಕ್ಕಳನ್ನು ಎರಡು ಮಗ್ಗುಲಿಗೆ ಅವಚಿಕೊಂಡು ಅವರು ಕೂತರು, ಸಾಬ್ ಹುಟ್ಟು ಹಿಡಿದ. ಇನ್ನೊಬ್ಬರಿಗೆ ಜಾಗ ಇರಲಿಲ್ಲ. ಬಕ್ಕೇಶಪ್ಪ ಒದ್ದೆ ಧೋತರ ಹಿಂಡುತ್ತಾ ದಡದಲ್ಲಿ ನಿಂತ. ಮಗಳು ಅಂಚಿನಿಂದ ಬಾಗಿ ನೀರಿಗೆ ಕೈ ಬಿಟ್ಟಳು. ಹುಡುಗ ತಾನೂ ಬಿಟ್ಟ. ಅವರ ನಗು ನೀರಿನ ಮೇಲೆ ಬಹಳ ದೂರದಿಂದಲೂ ಚೆನ್ನಾಗಿ ಕೇಳುತ್ತಿತ್ತು. ಮಗಳ ನಗುವನ್ನು ಅವನು ಇಷ್ಟು ಹೊತ್ತು ಒಂದೇ ಸಮ ಕೇಳಿದ್ದು ಅದೇ ಮೊದಲು.

ಮನೆಗೆ ಬಂದು, ಮೈ ತೊಳೆದಾದ ಮೇಲೆ, ಮರುಳಸಿದ್ದಮ್ಮ ಬಾಗಿಲ ಮರೆಯಿಂದ, "ನಿರ್ಮಲನ್ನ ಕರೀಲೇನ್ರಿ?" ಎಂದರು.

ಬಕ್ಕೇಶಪ್ಪ ಅಂಗೈಯ ಬೊಕ್ಕೆ ಸವರಿಕೊಂಡ.

"ಕೇಳಬ್ಯಾಡ್ರಿ ಅತ್ತಿ," ಎಂದ. "ಇಲ್ಲೇ ಶಾಲಿಗೆ ಹಾಕ್ರಿ."

ಅವರು ಒಳಗೆ ಹೋಗಿ ತಾಟು ಹಾಕಿದರು. ಅವನು ಉಣ್ಣುವಾಗ ಮಕ್ಕಳು ಒಲೆಯ ಹತ್ತಿರ ಕೂತಿದ್ದವು. ಒಂದು ಸಣ್ಣ ಮೀನು ಬಂದು ಬೆರಳಿಗೆ ಬಾಯಿ ಹಾಕಿತೆಂದು, ಅದಕ್ಕೆ ಹಲ್ಲೇ ಇರಲಿಲ್ಲವೆಂದು ನಿರ್ಮಲ ಅಜ್ಜಿಗೆ ಹೇಳುತ್ತಿದ್ದಳು. ತಮ್ಮ ನಡುನಡುವೆ ತನ್ನದೂ ಸೇರಿಸುತ್ತಿದ್ದ. ಅಜ್ಜಿ ಹೌದಾ, ಹೌದಾ ಎನ್ನುತ್ತಾ ರೊಟ್ಟಿ ಬಡಿಯುತ್ತಿದ್ದರು.

ಸಂಜೆಯ ಗಾಡಿಯ ಹೊತ್ತಾಗುತ್ತಿತ್ತು. ಹೊಟ್ಟೆ ತುಂಬಿತ್ತು, ನಿರ್ಮಲಳ ಮಾತು ಮಾತ್ರ ಮುಗಿದಿರಲಿಲ್ಲ. ಬಕ್ಕೇಶಪ್ಪ ತಾಟು ಮುಂದಕ್ಕೆ ಸರಿಸಿ, ಇನ್ನೊಂದು ರೊಟ್ಟಿ ಹಾಕಿರಿ ಎಂದ.