ಕುಳ್ಳ ಆಲಕ್ಕೆ ಸುತ್ತಿದ ತಂತಿ

ಹಳೇಬೀಡಿನ ಪದ್ಮರಾಜ ಒಂದು ಕಡೆ ಕೂತವನಲ್ಲ. ಏಲಕ್ಕಿ ವ್ಯಾಪಾರಕ್ಕೆಂದು ವಾರಕ್ಕೆರಡು ಸಲ ಬಿಕ್ಕೋಡಿನ ತೋಟಗಳಿಗೆ ಹೋಗುತ್ತಿದ್ದ. ಹೋಗದ ದಿನ ಅಂಗಡಿಯಿಂದ ಮನೆಗೆ, ಮನೆಯಿಂದ ಅಂಗಡಿಗೆ ಸುಮ್ಮನೆ ತಿರುಗುತ್ತಿದ್ದ. ಅಂಥವನನ್ನೂ ಗಳಿಗೆ ಹೊತ್ತು ಕೂರಿಸುತ್ತಿದ್ದುದು ಹಿತ್ತಿಲ ಕಟ್ಟೆಯ ಮೇಲಿದ್ದ ಆಲದ ಮರ. ಕಟ್ಟೆಯ ಮೇಲೆ ಆಲದ ಮರವೇ ಎಂದು ನಗಬೇಡಿ. ಹತ್ತು ವರ್ಷದ ಮರ, ಬಿಳಲು ಕೂಡ ಬಿಟ್ಟಿತ್ತು, ಎತ್ತರ ಮಾತ್ರ ಒಂದು ಮೊಳ. ಊಟದ ತಟ್ಟೆಯಷ್ಟಗಲದ ಮಣ್ಣಿನ ತಟ್ಟೆಯೇ ಅದರ ಸೀಮೆ.

ಇದೆಲ್ಲ ಶುರುವಾದದ್ದು ಇಸವಿ ಐವತ್ತನಾಲ್ಕರಲ್ಲಿ. ಬಿಕ್ಕೋಡಿನ ತೋಟದ ಬಿಳಿ ದೊರೆ ತನ್ನ ದೇಶಕ್ಕೆ ಹೊರಟಾಗ ಬಿಟ್ಟುಹೋದ ಪತ್ರಿಕೆಯೊಂದರಲ್ಲಿ ಜಪಾನಿನವರು ತಟ್ಟೆಯಲ್ಲಿ ಮರ ಬೆಳೆಸುವ ಚಿತ್ರಗಳಿದ್ದವು. ಅದೇ ವಾರ ಬಸದಿಯ ಗೋಡೆಯ ಸಂದಿನಲ್ಲಿ ಹುಟ್ಟಿದ್ದ ಆಲದ ಸಸಿಗಳನ್ನು ಆಳುಗಳು ಕಿತ್ತೆಸೆಯುತ್ತಿದ್ದರು. ಒಂದನ್ನು ಪದ್ಮರಾಜ ಒದ್ದೆ ವಸ್ತ್ರದಲ್ಲಿ ಸುತ್ತಿ ಮನೆಗೆ ತಂದ.

"ನಾನು ತರದಿದ್ರೆ ಸತ್ತೇ ಹೋಗ್ತಿತ್ತು ಕಣೇ. ಒಂದು ಜೀವ ಉಳಿಸಿದೀನಿ" ಎಂದು ಹೆಂಡತಿ ತ್ರಿಶಲಾಗೆ ಹೇಳಿದ.

ಆಮೇಲೆ ಉಳಿಸಿದ ಜೀವದ ಬೇರು ಕತ್ತರಿಸಿದ, ಚಿಗುರು ಚಿವುಟಿದ, ಅರಸೀಕೆರೆಯಿಂದ ತಾಮ್ರದ ತಂತಿ ತಂದು ಸುತ್ತಿ ಬಗ್ಗಿಸಿದ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎನ್ನುತ್ತಾರಲ್ಲ, ಇವನ ಆಲ ಮರವಾದ ಮೇಲೂ ಬಗ್ಗುತ್ತಲೇ ಇತ್ತು.

ಅರವತ್ತನಾಲ್ಕರ ಮಳೆಗಾಲದಲ್ಲಿ ಕಾಂಡಕ್ಕೇ ತಂತಿ ಸುತ್ತಿದ್ದ. ಮಳೆಗೆ ಕಾಂಡ ದಪ್ಪವಾಗುತ್ತದೆ, ತಂತಿ ಕಚ್ಚುವ ಮೊದಲೇ ಬಿಚ್ಚಬೇಕು. ಸುತ್ತಲೂ ಕಚ್ಚಿತೆಂದರೆ ಮೇಲಿನದೆಲ್ಲ ಒಣಗಿ ಹೋಗುತ್ತದೆ. ಭಾದ್ರಪದದ ಚೌತಿಯ ದಿನ ನೋಡಿದರೆ ತಂತಿ ತೊಗಟೆಗೆ ಒತ್ತಿ ಕೂತಿತ್ತು. ಅವತ್ತೇ ಬಿಚ್ಚಬೇಕಾಗಿತ್ತು. ಇನ್ನೊಂದೆರಡು ದಿನ ಇದ್ದರೆ ಬಾಗು ಗಟ್ಟಿಯಾದೀತೆಂಬ ಆಸೆ ಬಿಡಲಿಲ್ಲ.

ಮಾರನೆಯ ದಿನ ಪಂಚಮಿ, ಜೈನರ ಹತ್ತು ದಿನದ ದಶಲಕ್ಷಣ ಪರ್ವದ ಮೊದಲ ದಿನ. ಬಸದಿಯಲ್ಲಿ ಒಬ್ಬೊಬ್ಬರೂ ಹತ್ತು ದಿನಕ್ಕೆ ಒಂದೊಂದು ವ್ರತ ಹಿಡಿದರು. ಒಬ್ಬರು ಉಪ್ಪು ಬಿಟ್ಟರು, ಇನ್ನೊಬ್ಬರು ಒಪ್ಪೊತ್ತು ಊಟವೆಂದರು. ಪದ್ಮರಾಜನಿಗೂ ಹುರುಪು ಬಂತು. ಗಿಡಮರಕ್ಕೂ ಜೀವವಿದೆ, ಹತ್ತು ದಿನ ಅದಕ್ಕೆ ಕೈಹಚ್ಚುವುದಿಲ್ಲ. ನಾನೂ ಮಾಡುವುದಿಲ್ಲ, ಬೇರೆಯವರಿಂದಲೂ ಮಾಡಿಸುವುದಿಲ್ಲ, ಮಾಡಿದವರನ್ನು ಮೆಚ್ಚುವುದೂ ಇಲ್ಲ ಎಂದುಬಿಟ್ಟ. ತಂತಿಯ ನೆನಪಾದದ್ದು ಮನೆಗೆ ಬಂದು ಕಾಲು ತೊಳೆಯುವಾಗ.

ಆ ವರ್ಷವೇ ಮಳೆ ಬಿಸಿಲು ಎರಡೂ ಸೇರಿ ಬಂದವು. ಮೂರನೆಯ ದಿನಕ್ಕೆ ತಂತಿ ಅರ್ಧ ಮುಳುಗಿತು. ಐದನೆಯ ದಿನಕ್ಕೆ ತೊಗಟೆ ಎರಡೂ ಕಡೆಯಿಂದ ಉಬ್ಬಿ ಅದರ ಮೇಲೆ ಕವಿಯತೊಡಗಿತು. ಪದ್ಮರಾಜನಿಗೆ ಬಸದಿಯಲ್ಲಿ ಕೂತರೆ ಪೂಜೆಯ ಮೇಲೆ ಮನಸ್ಸಿಲ್ಲ, ಅಂಗಡಿಯಲ್ಲಿ ಕೂತರೆ ತಕ್ಕಡಿಯ ಮೇಲೆ ಕಣ್ಣಿಲ್ಲ. ದಿನಕ್ಕೆ ಇಪ್ಪತ್ತು ಸಲ ಹಿತ್ತಿಲಿಗೆ ಹೋಗಿ ಕೈ ಹಿಂದಕ್ಕೆ ಕಟ್ಟಿಕೊಂಡು ನಿಲ್ಲುತ್ತಿದ್ದ. ವ್ರತ ಬಿಸಿತುಪ್ಪವಾಗಿತ್ತು, ನುಂಗುವಂತಿಲ್ಲ, ಉಗುಳುವಂತಿಲ್ಲ.

ಏಳನೆಯ ದಿನ ಪಕ್ಕದ ಮನೆಯ ಗೋಪಾಲಸ್ವಾಮಿ ಮೇಷ್ಟ್ರು ಬಂದರು. ಪದ್ಮರಾಜ ಅವರನ್ನು ಹಿತ್ತಿಲಿಗೇ ಕರೆದುಕೊಂಡು ಹೋದ. ಮಳೆಯ ಮಾತಾಡಿದ, ಮಳೆಗೆ ಮರ ದಪ್ಪವಾಗುವ ಮಾತಾಡಿದ, ದಪ್ಪವಾದರೆ ತಂತಿ ಏನು ಮಾಡುತ್ತದೆ ಎಂಬ ಮಾತೂ ಆಡಿದ. ಅಡಿಗೆಮನೆಯ ಬಾಗಿಲಲ್ಲಿ ತ್ರಿಶಲಾ ಸುಮ್ಮನೆ ನಿಂತು ಕೇಳುತ್ತಿದ್ದಳು.

ಮೇಷ್ಟ್ರು ದಡ್ಡರಲ್ಲ. "ಅದಕ್ಕೇನಂತೆ ಪದ್ಮರಾಜಯ್ಯನೋರೇ, ನನಗ್ಯಾವ ವ್ರತ? ಬಿಚ್ಚಿ ಹಾಕ್ಲಾ?" ಎಂದು ಕೈ ಚಾಚಿದರು.

ಪದ್ಮರಾಜ ಬಾಯಿ ಬಿಡಲಿಲ್ಲ. ಬೇಡ ಎಂದರೆ ಮರ ಹೋಗುತ್ತದೆ, ಹೂಂ ಎಂದರೆ ವ್ರತ ಹೋಗುತ್ತದೆ. ಸುಮ್ಮನಿದ್ದರೆ ಎರಡೂ ಉಳಿದಾವು ಎಂದು ಅವನ ಒಳಗಿನ ವ್ಯಾಪಾರಿ ಲೆಕ್ಕ ಹಾಕಿದ. ಮೇಷ್ಟ್ರ ಬೆರಳು ತಂತಿಯ ತುದಿಗೆ ತಾಗಿದಾಗ ಅವನಿಗೆ ತನ್ನ ಬಗ್ಗೆಯೇ ಹೇಸಿಗೆಯಾಯಿತು.

"ಬೇಡ ಮೇಷ್ಟ್ರೇ" ಎಂದ. "ಬಿಟ್ಟುಬಿಡಿ."

ಚತುರ್ದಶಿಗೆ ವ್ರತ ಮುಗಿಯಿತು. ಹುಣ್ಣಿಮೆಯ ದಿನ ಬೆಳಕು ಹರಿಯುತ್ತಲೇ ಪದ್ಮರಾಜ ಇಕ್ಕಳ ಹಿಡಿದು ಕೂತ. ತಂತಿ ಎಲ್ಲಿದೆಯೆಂದೇ ಕಾಣುತ್ತಿರಲಿಲ್ಲ. ತೊಗಟೆ ಸೀಳಿ, ತುಂಡು ತುಂಡು ಮಾಡಿ ಕಿತ್ತ. ಒಂದೊಂದು ತುಂಡು ಕೀಳುವಾಗಲೂ ಬಿಳಿಯ ಹಾಲು ಸುರಿದು ಅವನ ಬೆರಳಿಗೆ ಅಂಟಿತು. ಕಾಂಡದ ಸುತ್ತ ಆಳವಾದ ಗಾಯ ಉಳಿಯಿತು. ಮೇಲಿನ ಎಲೆಗಳು ಆಗಲೇ ಜೋತುಬಿದ್ದಿದ್ದವು. ಉಳಿಯುತ್ತದೋ ಇಲ್ಲವೋ ಅವನಿಗೂ ಗೊತ್ತಾಗಲಿಲ್ಲ.

ಮಾರನೆಯ ದಿನ ಕ್ಷಮಾವಣಿ. ಗೊತ್ತಿದ್ದೋ ಗೊತ್ತಿಲ್ಲದೆಯೋ ನೋಯಿಸಿದ್ದರೆ ಮನ್ನಿಸಿ ಎಂದು ಅವತ್ತು ಎಲ್ಲರೂ ಎಲ್ಲರಿಗೂ ಕೈಮುಗಿಯುತ್ತಾರೆ. ಪದ್ಮರಾಜ ಬಸದಿಯಲ್ಲಿ ಹಿರಿಯರಿಗೆ, ಕಿರಿಯರಿಗೆ, ದಾರಿಯಲ್ಲಿ ಸಿಕ್ಕ ಮೇಷ್ಟ್ರಿಗೂ ಕೈಮುಗಿದ. ಮನೆಗೆ ಬಂದು ತ್ರಿಶಲಾಗೆ ಮುಗಿದ, ಅವಳೂ ಮುಗಿದಳು. ಆಮೇಲೆ ನೆಟ್ಟಗೆ ಹಿತ್ತಿಲಿಗೆ ಹೋಗಿ ಮರದ ಮುಂದೆ ಕೈಮುಗಿದು ನಿಂತ. ಎಷ್ಟು ತಡೆದರೂ ಕಣ್ಣಲ್ಲಿ ನೀರು ಬಂತು.

ತ್ರಿಶಲಾ ಹಿಂದೆಯೇ ಬಂದಿದ್ದಳು. ಅವಳ ದನಿಯಲ್ಲಿ ಚುಚ್ಚು ಇರಲಿಲ್ಲ, ತಿಳಿದುಕೊಳ್ಳಬೇಕೆಂದೇ ಕೇಳಿದಳು.

"ಯಾವುದಕ್ಕೆ ಕೇಳ್ತಿದೀರಿ? ಹತ್ತು ದಿನ ಮುಟ್ಟದೆ ಬಿಟ್ಟಿದ್ದಕ್ಕೋ, ಹತ್ತು ವರ್ಷ ಮುಟ್ಟಿದ್ದಕ್ಕೋ?"

ಪದ್ಮರಾಜ ಮುಗಿದ ಕೈಯನ್ನು ಇಳಿಸಲಿಲ್ಲ.

"ಎರಡಕ್ಕೂ ಅಂದ್ರೆ," ಎಂದ, "ನಾಳೆಯಿಂದ ನಾನು ಏನ್ ಮಾಡ್ಲೇ?"