ಪಾತಣ್ಣ ಹೇಳಿದ ಹೊಸ ಮಾಡೆಲ್

“ಈ ವರ್ಷದ್ದು ತಗೋಬ್ಯಾಡ ಮೂರ್ತಣ್ಣ. ಜನವರಿ ಬರ್ಲಿ ತಡಿ, ಹೊಸ ಮಾಡೆಲ್ ಬರ್ತೈತೆ.”

ಪಾತಣ್ಣ ಈ ಮಾತನ್ನು ನಾಲ್ಕು ದೀಪಾವಳಿಗೆ ನಾಲ್ಕು ಸಲ ಹೇಳಿದ. ನಾಲ್ಕು ಸಲವೂ ನಾನು ನಂಬಿದೆ.

ಚಳ್ಳಕೆರೆಯಲ್ಲಿ ನನ್ನದು ಶೇಂಗಾ ವ್ಯಾಪಾರ, ನಾಯಕನಹಟ್ಟಿಯ ಆಚೆ ಹೊಲ. ಹೊಲದ ದಾರಿ ಮರಳು, ಹಾಗಾಗಿ ಲಿವರ್ ಎಳೆದರೆ ನಾಲ್ಕೂ ಚಕ್ರ ಎಳೆಯುವ ಫೋರ್ ವೀಲ್ ಜೀಪು ಇಟ್ಟಿದ್ದೆ. ಪಾತಣ್ಣ ನನ್ನ ಜೊತೆ ಹಟ್ಟಿಯ ಶಾಲೆಯಲ್ಲಿ ಓದಿದವನು. ಅವರ ಮನೆಯವರು ವರವು ಕಾವಲಿನ ಹುಲ್ಲುಗಾವಲಲ್ಲಿ ಕುರಿ ಕಾಯುತ್ತಿದ್ದರು. ಇವನು ಸ್ಕೂಲು ಬಿಟ್ಟು ಗ್ಯಾರೇಜು ಸೇರಿ, ಕೊನೆಗೆ ಪಾವಗಡ ರಸ್ತೆಯಲ್ಲಿ ಸ್ವಂತ ಶೆಡ್ಡು ಹಾಕಿದ. ಗಾಡಿ ಇನ್ನೂ ತಿರುವಿನಲ್ಲಿ ಇರುವಾಗಲೇ ಸದ್ದು ಕೇಳಿ, “ಎರಡನೇ ಗೇರು ಕಿರುಗುಡ್ತೈತೆ, ಬಾ” ಅನ್ನುತ್ತಿದ್ದ. ನನ್ನ ಜೀಪಿಗೆ ಬೇರೆಯವರ ಕೈ ತಾಗಿಸಲು ಅವನು ಬಿಡುತ್ತಿರಲಿಲ್ಲ. ಅದನ್ನು ನಾನು ಪ್ರೀತಿ ಅಂದುಕೊಂಡಿದ್ದೆ.

ಮೊದಲ ವರ್ಷ ಅವನು ಐದನೇ ಗೇರು ಬರುತ್ತದೆ ಎಂದ. ನಮ್ಮದು ನಾಲ್ಕೇ ಗೇರಿನ ಗಾಡಿ, ಹೈವೇಗೆ ಬಂದರೆ ಕೂಗಿಕೊಳ್ಳುತ್ತಿತ್ತು. ಐದನೇ ಗೇರು ಬಂತು, ನಾನು ಹೊರಟೆ. “ಗೇರು ಬಂದೈತೆ, ಎಂಜಿನ್ ಹಳೇದೇ ಐತಲ್ಲಪ್ಪ. ಅದಕ್ಕೆ ಐದ್ನೇ ಗೇರು ಯಾತಕ್ಕೆ? ಬಲ ಜಾಸ್ತಿ ಇರೋ ಟರ್ಬೋ ಎಂಜಿನ್ ಬರ್ಲಿ” ಎಂದ. ಟರ್ಬೋ ಬಂತು. “ಮೊದ್ಲನೇ ವರ್ಷದ ಟರ್ಬೋ ಯಾರಾನ ತಗೊಂತಾರೇನಲೇ? ಇನ್ನೊಬ್ರು ಸುಟ್ಕೊಳ್ಲಿ, ಆಮೇಲೆ ನಾವು.” ಆಮೇಲೆ ಲಿವರ್ ಎಳೆಯುವುದೇ ಬೇಡ, ಗುಂಡಿ ಒತ್ತಿದರೆ ಫೋರ್ ವೀಲ್ ಬೀಳುತ್ತದಂತೆ, ಅದಕ್ಕೆ ಕಾಯೋಣ ಎಂದ. ನಾನು ಪೇಪರಿನಲ್ಲಿ ಬಂದ ಚಿತ್ರ ಕತ್ತರಿಸಿ ಜೇಬಿನಲ್ಲಿ ಇಟ್ಟುಕೊಂಡು ತಿರುಗಿದೆ. ಹೋಟೆಲಿನ ಜಯಣ್ಣ ಟೀ ಲೋಟ ಇಡುತ್ತಾ ಕೇಳುತ್ತಿದ್ದ: “ಏನ್ ಮೂರ್ತಣ್ಣ, ನಿಮ್ ಹೊಸ ಮಾಡೆಲ್‌ಗೆ ಎಷ್ಟನೇ ತಿಂಗ್ಳು?”

“ನಗಬ್ಯಾಡ್ರಿ. ಹಳೇದಾದ್ರೂ ನನ್ ಜೀಪು ಎಂಥದು ಗೊತ್ತಲ್ಲ” ಅನ್ನುತ್ತಿದ್ದೆ ನಾನು. ಅಷ್ಟಕ್ಕೇ ಹಳ್ಳದ ಕತೆ ಶುರುವಾಗುತ್ತಿತ್ತು.

ತೊಂಬತ್ತೆಂಟರ ಅಕ್ಟೋಬರಿನ ಕತೆ ಅದು. ಹೆಂಡತಿ ದಾಕ್ಷಾಯಿಣಿ ಚೊಚ್ಚಲ ಹೆರಿಗೆಗೆ ತವರಿನಲ್ಲಿದ್ದಳು, ಮೊಳಕಾಲ್ಮೂರಿನ ಹತ್ತಿರದ ಹಳ್ಳಿ. ನೋಡಿಕೊಂಡು ಬರಲು ಹೋಗಿದ್ದೆ. ಗೇರು ಕಿರುಗುಡುತ್ತಿದೆ ಎಂದು ಪಾತಣ್ಣನೂ ಜೊತೆಗೆ ಬಂದಿದ್ದ. ಮಧ್ಯಾಹ್ನ ಊಟಕ್ಕೆ ಕೂರುವಷ್ಟರಲ್ಲಿ ಅವಳಿಗೆ ನೋವು ಬಂತು. ಅವಳ ಸೋದರತ್ತೆ ಸೂರಮ್ಮ ಬೆನ್ನು ಸವರುತ್ತಾ, “ಏಂ ಕಾದ್ಲೇ ತಲ್ಲಿ, ಏಂ ಕಾದು” ಎಂದು, ಏನೂ ಆಗಲ್ಲ ತಾಯಿ ಅಂತ ತೆಲುಗಿನಲ್ಲಿ ಸಮಾಧಾನ ಹೇಳುತ್ತಾ ಜೀಪು ಹತ್ತಿಸಿದರು.

ಊರಾಚೆ ಹಳ್ಳ ಹರಿಯುತ್ತಿತ್ತು. ದಾಟಿದರೆ ಆಸ್ಪತ್ರೆ ಮೂರು ಮೈಲಿ. ಸೇತುವೆ ಹಿಡಿದು ಸುತ್ತಿದರೆ ಹತ್ತು. ನೀರು ಮೊಣಕಾಲು ಮೀರಿತ್ತು. ದಂಡೆಯಲ್ಲಿ ನಿಲ್ಲಿಸಿ ಪಾತಣ್ಣನನ್ನು ಕೇಳಿದೆ: “ಇಳಿಸ್ಲಾ? ಫೋರ್ ವೀಲ್ ಎಳೀತೈತಾ?”

ಅವನು ನೀರು ನೋಡಿದ. ಹಿಂದೆ ದಾಕ್ಷಾಯಿಣಿ ನರಳುತ್ತಿದ್ದಳು. “ನಾನು ಇಳೀತೀನಿ. ಭಾರ ಕಮ್ಮಿ ಆಗ್ಲಿ” ಎಂದು ಇಳಿದುಬಿಟ್ಟ.

ನಾನು ಲಿವರ್ ಎಳೆದೆ. ಎಂಜಿನ್ ಗುಡುಗಿತು. ನಡುನೀರಿನಲ್ಲಿ ಗಾಡಿ ಒಮ್ಮೆ ಕುಂತಿತು, ಒದ್ದಾಡಿತು, ಮತ್ತೆ ಎದ್ದು ಆಚೆ ದಂಡೆ ಹತ್ತಿತು. ಹಿಂದೆ ತಿರುಗಿದರೆ ಪಾತಣ್ಣ ಎದೆಮಟ್ಟ ನೆನೆದು, ಎರಡೂ ಚಪ್ಪಲಿ ಕಳೆದುಕೊಂಡು ಕೆಮ್ಮುತ್ತಿದ್ದ. ಅವತ್ತು ಸಂಜೆ ದೀಪಿಕಾ ಹುಟ್ಟಿದಳು.

“ನಾಲ್ಕು ಚಕ್ರ ನನ್ ಮಗಳನ್ನ ಉಳಿಸಿದ್ವು. ಪಾತಣ್ಣ ಹಳ್ಳಕ್ಕೆ ಚಪ್ಪಲಿ ಕಾಣಿಕೆ ಕೊಟ್ಟ” ಎಂದು ನಾನು ಮುಗಿಸುತ್ತಿದ್ದೆ. ಹೋಟೆಲಿಗೆ ಹೋಟೆಲೇ ನಗುತ್ತಿತ್ತು. ಪಾತಣ್ಣ ಅಲ್ಲಿದ್ದರೆ ಬೀಡಿ ಹಚ್ಚುವ ನೆವದಲ್ಲಿ ಎದ್ದು ಹೋಗುತ್ತಿದ್ದ. ನಾಚಿಕೆ ಸ್ವಭಾವ ಅಂದುಕೊಂಡಿದ್ದೆ.

ಎರಡು ಸಾವಿರದ ಮೂರನೇ ಇಸವಿಯ ಜನವರಿಯಲ್ಲಿ ದಾಕ್ಷಾಯಿಣಿಗೆ ಸಾಕಾಯಿತು. “ಪಾತಣ್ಣ ಹೇಳೋ ಮಾಡೆಲ್ ಬರೋ ಹೊತ್ತಿಗೆ ದೀಪಿಕಾನ ಮದ್ವೆ ಆಗಿರ್ತೈತೆ. ನಡೀರಿ ಹೋಗನ” ಎಂದಳು. ಅವನಿಗೆ ಹೇಳದೆ ಇಬ್ಬರೂ ದಾವಣಗೆರೆಯ ಶೋರೂಮಿಗೆ ಹೋದೆವು. ಹಳೆಯದನ್ನು ಕೊಟ್ಟು ಹೊಸದು ತರುವುದೆಂದಿತ್ತು.

ಹಳೇ ಗಾಡಿ ನೋಡುವ ಹುಡುಗನ ಹೆಸರು ಮಹಾಂತೇಶ್. ಟಾರ್ಚು ಹಿಡಿದು ಜೀಪಿನ ಕೆಳಗೆ ನುಗ್ಗಿದವನು ಬಹಳ ಹೊತ್ತು ಬರಲಿಲ್ಲ. ಆಮೇಲೆ ಒಳಗಿಂದಲೇ ಕೇಳಿದ: “ಫೋರ್ ವೀಲ್ ಅಂತ ಬರೆಸಿದೀರಲ್ಲ ಸಾರ್?”

“ಹೌದಪ್ಪ.”

“ಮುಂದಿನ ಶಾಫ್ಟೇ ಇಲ್ವಲ್ಲ.”

ಎಂಜಿನ್ನಿನ ಬಲವನ್ನು ಮುಂದಿನ ಚಕ್ರಕ್ಕೆ ಒಯ್ಯುವ ಉದ್ದನೆಯ ದಂಡ ಅದು. ಅದಿಲ್ಲದಿದ್ದರೆ ನಾಲ್ಕು ಚಕ್ರದ ಮಾತೇ ಇಲ್ಲ. ನಾನು ವಾದಿಸಿದೆ. “ಲಿವರ್ ಹಾಕಿದ್ರೆ ಎಳೀತಿತ್ತಲ್ಲಪ್ಪ.”

“ಅದು ಲೋ ಗೇರು ಸಾರ್. ಹಿಂದಿನ ಎರಡಕ್ಕೇ ಜಾಸ್ತಿ ಬಲ ಬರ್ತೈತೆ, ಎಂಜಿನ್ ಗುರ್ ಅಂತೈತೆ. ಮುಂದಿನವು ಸುಮ್ನೆ ಉರುಳ್ತಾವೆ.” ಹೊರಗೆ ಬಂದು ಕೈ ಒರೆಸಿಕೊಂಡ. “ಈಗ ಬಿಚ್ಚಿದ್ದಲ್ಲ. ಬೋಲ್ಟಿನ ತೂತಿನಾಗೆ ಮಣ್ಣು ಕಲ್ಲಾಗಿ ಕುಂತೈತೆ. ನಾಲ್ಕೈದು ವರ್ಷ ಆಗಿರ್ಬೇಕು.”

ದಾಕ್ಷಾಯಿಣಿ ಬೆರಳು ಮಡಚಿ ವರ್ಷ ಎಣಿಸುತ್ತಿದ್ದಳು.

ಚಳ್ಳಕೆರೆಗೆ ವಾಪಸ್ಸು ಬಂದವನೇ ಅವಳನ್ನು ಮನೆಗೆ ಬಿಟ್ಟು ಶೆಡ್ಡಿಗೆ ಹೋದೆ. ಪಾತಣ್ಣ ಸೀಮೆಎಣ್ಣೆಯಲ್ಲಿ ಬೇರಿಂಗು ತೊಳೆಯುತ್ತಿದ್ದ.

“ದಾವಣಗೆರೆಗೆ ಹೋಗಿದ್ದೆ” ಎಂದೆ.

ಅವನ ಕೈ ನಿಂತಿತು. “ಅವ್ರು ಕೆಳಗೆ ನೋಡಿದ್ರಾ?”

“ಯಾವಾಗ ಬಿಚ್ಚಿದೆ?”

“ದೀಪಿಕಾ ಹುಟ್ಟಿದ ವರ್ಷದ ಬ್ಯಾಸಿಗೆಯಾಗೆ. ನಮ್ ಭಾಮೈದ ಹುಲಿಯಪ್ಪನ ಜೀಪಿಂದು ಮುರೀತು. ಒಂದು ವಾರದ ಮಟ್ಟಿಗೆ ಅಂತ ನಿಂದು ಬಿಚ್ಚಿ ಹಾಕಿದೆ. ಅವ್ನು ವಾರದಾಗೆ ಜೀಪೇ ರಾಯದುರ್ಗದಾಗೆ ಮಾರಿ ಬಂದ.”

“ಬೇರೆ ತಂದು ಹಾಕ್ಬೇಕಿತ್ತು.”

“ಹುಡುಕ್ತಿದ್ದೆ, ಹಳೇ ಮಾಡೆಲಿಂದು ಎಲ್ಲೂ ಸಿಗ್ಲಿಲ್ಲ. ಅಷ್ಟರಾಗೆ ಹಳ್ಳದ್ದಾತು. ಮಾರ್ನೇ ದಿನದಿಂದ ನೀನು ಊರಿಗೆಲ್ಲ ಹೇಳ್ಕಂಡು ಬಂದೆ. ನಾನ್ ಹೆಂಗ್ ಬಾಯಿ ಬಿಡ್ಲಿ?”

“ಅದಕ್ಕೇ ಐದನೇ ಗೇರು, ಟರ್ಬೋ?”

ಅವನು ಬೇರಿಂಗನ್ನು ನೋಡುತ್ತಾ ಹೇಳಿದ: “ಶೋರೂಮಿನೋರು ಕೆಳಗೆ ನುಗ್ತಾರೆ ಅಂತ ಗೊತ್ತಿತ್ತು.”

ಅಲ್ಲಿಯವರೆಗೂ ನನಗೆ ಸಿಟ್ಟಿತ್ತು. ಆಮೇಲೆ ನೆನಪಾದದ್ದು ದಂಡೆ. “ಲೇ, ಅವತ್ತು ನಾನು ನಿನ್ನನ್ನ ಕೇಳಿದೆ. ಇಳಿಸ್ಲಾ ಅಂತ. ಒಂದು ಮಾತು ಹೇಳಿದ್ರೆ ಸೇತುವೆ ಮೇಲೆ ಸುತ್ಕಂಡು ಹೋಗ್ತಿದ್ದೆ.”

“ಆಯಮ್ಮ ನರಳ್ತಿತ್ತು ಮೂರ್ತಣ್ಣ. ಹೇಳಾಕೆ ಬಾಯಿ ಬರ್ಲಿಲ್ಲ. ನೂಕಿದ್ರೆ ದಾಟ್ತೈತೆ ಅನ್ಕಂಡೆ. ನೂಕ್ದೆ.”

“ದಾಟದೆ ಇದ್ದಿದ್ರೆ?”

ಬೇರಿಂಗು ಅವನ ಕೈಯಿಂದ ಡಬ್ಬಿಯೊಳಗೆ ಜಾರಿತು. ಅವನು ತೆಗೆಯಲಿಲ್ಲ. ಅವತ್ತು ಬೆಳಿಗ್ಗೆಯವರೆಗೂ ಅವನ ಚಪ್ಪಲಿ ನನ್ನ ಕತೆಯ ತಮಾಷೆಯಾಗಿತ್ತು. ಮಗಳನ್ನು ದಾಟಿಸಿದ್ದು ಇವನ ಹೆಗಲು. ಅವಳನ್ನು ನೀರಿಗೆ ಇಳಿಸಿದ್ದೂ ಇವನೇ. ಒಂದನ್ನು ಹಿಡಿದು ಇನ್ನೊಂದನ್ನು ಬಿಡಲು ನನ್ನಿಂದ ಆಗಲಿಲ್ಲ. ಎದ್ದು ಬಂದೆ.

ಮುಂದಿನ ತಿಂಗಳು ಹೊಸ ಗಾಡಿ ಮನೆಗೆ ಬಂತು. ಐದು ಗೇರು, ಟರ್ಬೋ, ಫೋರ್ ವೀಲಿಗೆ ಗುಂಡಿ. ಪಾತಣ್ಣ ಹೇಳಿದ್ದೆಲ್ಲ ಅದರಲ್ಲಿತ್ತು. ಸಂಜೆ ಅವನು ಬಂದು ಗೇಟಿನ ಆಚೆಯೇ ನಿಂತ. ಸದ್ದು ಕೇಳಬೇಕೆಂಬ ಆಸೆ ಮುಖದಲ್ಲಿ ಕಾಣುತ್ತಿತ್ತು. ನಾನು ಸ್ಟಾರ್ಟ್ ಮಾಡಲಿಲ್ಲ.

“ಫೋರ್ ವೀಲ್ ಹಾಕಿ ನೋಡಿದ್ಯಾ?” ಎಂದ ಮೆಲ್ಲಗೆ.

“ಕೆಳಗೆ ಮಲಗಿ ನೋಡಿದೀನಿ.”

ಅಷ್ಟರಲ್ಲಿ ದೀಪಿಕಾ ಓಡಿ ಬಂದು ಬಾನೆಟ್ಟಿಗೆ ಆತುಕೊಂಡಳು. “ಅಪ್ಪಾ, ನಾನು ಹುಟ್ಟಿದ ದಿನ ಹಳ್ಳ ದಾಟಿದ ಕತೆ ಹೇಳು.”

ಎಷ್ಟು ಸಲ ಹೇಳಿದ್ದೆನೋ ಏನೋ. ಬಾಯಿ ತೆರೆದೆ. ಕತೆ ದಂಡೆಯವರೆಗೆ ಬಂದು ಮುಂದಕ್ಕೆ ಹೋಗಲಿಲ್ಲ.

“ನನಗೆ ಸರಿಯಾಗಿ ಗೊತ್ತಿಲ್ಲ ಮಗಳೇ. ಪಾತಮಾಮನ್ನ ಕೇಳು” ಎಂದೆ.

ಅವಳು ಗೇಟಿಗೆ ಓಡಿದಳು. ಪಾತಣ್ಣ ಗೇಟಿನ ಕಂಬಿ ಹಿಡಿದು ಕುಕ್ಕುರುಗಾಲಲ್ಲಿ ಕೂತ. “ನಿಮ್ಮಪ್ಪ ಲಿವರ್ ಎಳೆದ ಮರೀ” ಎಂದು ಶುರು ಮಾಡಿದವನು ನನ್ನ ಕಡೆ ನೋಡಿ ಅಲ್ಲಿಗೇ ನಿಲ್ಲಿಸಿದ.

“ಆಮೇಲೆ?” ಎಂದಳು ದೀಪಿಕಾ.

ಅವನು ಹೇಳುವುದನ್ನು ಕೇಳಲು ನಾನೂ ನಿಂತೆ.